ಅಲುಗಾಡಬೇಡಿ

ಇಪ್ಪತ್ತಾರು ವರ್ಷ ನಾನು ಆಡಿದ ಮಾತು ಮೂರೇ:
ಗದ್ದ ತುಸು ಕೆಳಗೆ. ಹಲ್ಲು ಬೇಡ. ಅಲುಗಾಡಬೇಡಿ.
ಹೆಬ್ರಿ ಪೇಟೆಯಲ್ಲಿ, ಔಷಧಿ ಅಂಗಡಿಯ ಮಾಳಿಗೆಯಲ್ಲಿ
ಒಂದು ಸ್ಟೂಲು, ಒಂದು ನೀಲಿ ಪರದೆ,
ದಾರಕ್ಕೆ ಕಟ್ಟಿದ ಬಾಚಣಿಗೆ,
ಯಾರ ಹೆಗಲಿಗೂ ಸರಿಹೊಂದದ ಕಪ್ಪು ಕೋಟು.
ಪರೀಕ್ಷೆಗೆ, ಪಡಿತರಕ್ಕೆ, ದುಬೈಗೆ, ಸಾಲಕ್ಕೆ
ಊರಿನ ಮುಖಗಳೆಲ್ಲ ನನ್ನೆದುರು
ಉಸಿರು ಹಿಡಿದು ಕೂತು ಹೋಗಿವೆ.

ಮೊಬೈಲು ಬಂತು, ಸ್ಟೂಲು ಖಾಲಿಯಾಯಿತು.
ಅದಕ್ಕೇ ಈ ಉದ್ದ ಲೆನ್ಸು,
ಮಣಿಪಾಲದಿಂದ ದಿನ ಬಾಡಿಗೆಗೆ ತಂದದ್ದು.
ಸೊಸೈಟಿಯ ಕ್ಯಾಲೆಂಡರಿಗೆ ಒಂದು ಕೆಂದಳಿಲು ಬೇಕಂತೆ,
ಎಪ್ರಿಲ್ ಪುಟಕ್ಕೆ, ಅಡ್ಡ ಫೋಟೋ,
ಬಾಲ ಪೂರ್ತಿ ಬರಬೇಕಂತೆ.

ಪಗ್ಗು ತಿಂಗಳು. ಸೀತಾನದಿ ಬರೀ ಕಲ್ಲಾಗಿ ಮಲಗಿದೆ.
ಮುಂದೆ ನೋಣಯ್ಯ, ಅರಣ್ಯ ಇಲಾಖೆಯ ವಾಚರು.
ತರಗೆಲೆಯ ಮೇಲೆ ಅವನ ಕಾಲಿಗೆ ಸದ್ದಿಲ್ಲ,
ನನ್ನ ಕಾಲಿಗೆ ಹಪ್ಪಳ ಮುರಿದ ಸದ್ದು.
ಹೆಬ್ಬಲಸಿನ ಬುಡದಲ್ಲಿ ನಿಂತು
ಮೇಣ ಆರದ ಸಿಪ್ಪೆಯೊಂದನ್ನು ಹೆಕ್ಕಿ, ಮೂಸಿ,
"ಉಂಟು" ಎಂದ. ಅಷ್ಟೇ.

ಕುತ್ತಿಗೆ ನೋಯುವ ತನಕ ಮೇಲೆ ನೋಡಿದೆ.
ಎಲೆ, ಬಿಸಿಲು, ಎಲೆ, ಬಿಸಿಲು,
ಆಮೇಲೆ ಎಲೆಯೂ ಅಲ್ಲದ, ಬಿಸಿಲೂ ಅಲ್ಲದ ಒಂದು ಕೆಂಪು.
ಆಗ ತಾನೆ ಕಡಿದ ಮುರಕಲ್ಲಿನದೋ,
ಗ್ಲಾಸಿನ ತಳದಲ್ಲಿ ಗಟ್ಟಿಯಾಗಿ ನಿಂತ ಪುನರ್ಪುಳಿಯದೋ,
ಹೇಳ ಹೊರಟರೆ ಎರಡೂ ಅಲ್ಲ.
ಹಿಂಗಾಲಲ್ಲಿ ಕೊಂಬೆ ಹಿಡಿದು, ತಲೆಕೆಳಗಾಗಿ,
ಎರಡು ಕೈಯಲ್ಲಿ ಹಣ್ಣು ತಿರುಗಿಸುತ್ತ ತಿನ್ನುತ್ತಿದೆ,
ಲೋಕ ನೆಟ್ಟಗಿದೆಯೋ ಇಲ್ಲವೋ
ತನಗೇನು ಸಂಬಂಧ ಎಂಬಂತೆ.
ಕೊಂಬೆಯ ಆಚೆ ಇಳಿಬಿದ್ದ ಬಾಲಕ್ಕೆ
ಅದರದೇ ಬೇರೆ ಯೋಚನೆ.

ಬಾಯಿ ತಪ್ಪಿ ಬಂತು: "ಅಲುಗಾಡಬೇಡಿ."
ಅದೂ ಬಹುವಚನದಲ್ಲಿ!

ಟರ್ರ್‌ರ್ ಎಂದು ಇಡೀ ಕಾಡಿಗೆ ನನ್ನ ಮೇಲೆ ದೂರು ಕೊಟ್ಟು
ಈ ಮರದಿಂದ ಆ ಮರಕ್ಕೆ,
ನಡುವೆ ಇದ್ದ ಅಷ್ಟಗಲ ಆಕಾಶವನ್ನು
ಹೊಸ್ತಿಲ ಹಾಗೆ ದಾಟಿತು.
ಒತ್ತಿದೆ. ಒತ್ತಿದೆ. ಒತ್ತುತ್ತಲೇ ಇದ್ದೆ.

ಕ್ಯಾಮೆರಾದ ಬೆನ್ನಿನಲ್ಲಿ ಮೂವತ್ತೆಂಟು ಖಾಲಿ ಕೊಂಬೆ.
ಒಂದರಲ್ಲಿ ಮಾತ್ರ
ಒದ್ದೆ ಬೆರಳಲ್ಲಿ ಕುಂಕುಮ ಎಳೆದ ಹಾಗೆ ಒಂದು ಗೀರು.
ಮುಖವಿಲ್ಲ, ಕಿವಿಯಿಲ್ಲ,
ಬಾಲ ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವೋ ತಿಳಿಯದು.

ಅಳಿಸಲು ಹೆಬ್ಬೆರಳು ತಾನಾಗಿಯೇ ಹೋಯಿತು.
ನೋಣಯ್ಯ ಹೆಗಲ ಮೇಲಿಂದ ಬಗ್ಗಿ,
"ಅಕ್ಕುವಿನ ಫೋಟೋ ತೆಗೆದದ್ದು ನೆನಪುಂಟಾ ನಿಮಗೆ,
ರೇಷನ್ ಕಾರ್ಡಿಗೆ?"
ಇರಲಿಲ್ಲ. ಹೂಂ ಎಂದೆ.
"ಮೊದಲಿನದರಲ್ಲಿ ಅವಳಿಗೆ ನಗು ಬಂತು,
ತಲೆ ಅಲುಗಿತು, ನೀವು ಬೈದಿರಿ."
"ಬೈದೆನಾ?"
"ಆಮೇಲೆ ಸರಿಯಾಗಿ ಕೂತಳು.
ಈಗ ಗೋಡೆಯಲ್ಲಿರುವುದು ಅದೇ, ಸರಿಯಾಗಿ ಕೂತದ್ದು.
ಯಾರೋ ಪರಿಚಯದವರ ಹಾಗೆ ಕಾಣ್ತಾಳೆ."

ಬೀಡಿ ತೆಗೆದ. ಸುತ್ತ ಒಣ ಎಲೆ ನೋಡಿ
ಕಿವಿಗೆ ಸಿಕ್ಕಿಸಿಕೊಂಡ.
"ಆ ನಗು ಬಂದದ್ದು,
ಅಂಥದ್ದನ್ನೆಲ್ಲ ನೀವು ಎಲ್ಲಿ ಹಾಕ್ತೀರಿ?"

ಕಣ್ಣು ಮುಚ್ಚಿದವರು, ಸೀನಿದವರು,
ಬಾಗಿಲಲ್ಲಿ ನಿಂತ ಮಗು ಕರೆಯಿತೆಂದು ತಿರುಗಿದವರು,
ಕೋಟಿನ ತೋಳು ಉದ್ದವಾಯಿತೆಂದು
ತಮಗೆ ತಾವೇ ನಾಚಿಕೊಂಡವರು...

ಮೇಲಿಂದ ಅರ್ಧ ತಿಂದ ಹೆಬ್ಬಲಸು ಬಿತ್ತು
ನೇರ ಲೆನ್ಸಿನ ಮೇಲೆ.
ನೋಣಯ್ಯ ನಕ್ಕ. ನಾನು ಎತ್ತುವಷ್ಟರಲ್ಲಿ ನಗು ಮುಗಿದಿತ್ತು.

ರಾತ್ರಿ ಸೊಸೈಟಿಯವರಿಗೆ ಫೋನು ಮಾಡಿದೆ:
"ಸಿಗಲಿಲ್ಲ. ನವಿಲು ಹಾಕಿ ಬಿಡಿ."
ಗೀರು ಇನ್ನೂ ಕಾರ್ಡಿನಲ್ಲೇ ಇದೆ.
ಲೆನ್ಸು ನಾಳೆ ವಾಪಸು ಕೊಡಬೇಕು,
ಅಂಚಿಗೆಲ್ಲ ಮೇಣ.
ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಾ ಕೂತಿದ್ದೇನೆ,
ಸ್ಟೂಲಿನ ಮೇಲೆ, ನೀಲಿ ಪರದೆಯ ಮುಂದೆ.
ಬಿಡುತ್ತಿಲ್ಲ.